ಮೂವತ್ತೆಂಟಕ್ಕೆ ಪಾಸಾದ ಕಣ್ಣು

ದಾವಣಗೆರೆಯ ಚೌಕಿಪೇಟೆಯ ಬಟ್ಟೆ ವ್ಯಾಪಾರಿ ಕರಿಬಸವರಾಜನ ಬಳಿ ಒಂದು ಮೀಟರ್ ಕಡ್ಡಿ ಇತ್ತು. ಎರಡು ತುದಿಗೂ ಹಿತ್ತಾಳೆ ಕಟ್ಟಿಸಿದ, ಮೂವತ್ತು ವರ್ಷ ಅಂಗೈ ತಿಕ್ಕಿ ತಿಕ್ಕಿ ಬೆಲ್ಲದ ಬಣ್ಣಕ್ಕೆ ತಿರುಗಿದ ಕಡ್ಡಿ. ವಾರದಲ್ಲಿ ಆರು ದಿನ ಅದು ಪಾಪ್ಲಿನ್ನು, ಲಾಂಗ್‌ಕ್ಲಾತು, ಕುಪ್ಪಸದ ಪೀಸು ಅಳೆಯುತ್ತಿತ್ತು. ಭಾನುವಾರ ಬಂತೆಂದರೆ ಜನರ ಕಣ್ಣು ಅಳೆಯಲು ಹೊರಡುತ್ತಿತ್ತು.

ಹಳ್ಳಿಗಳಲ್ಲಿ ಪುಕ್ಕಟೆ ಕಣ್ಣಿನ ಕ್ಯಾಂಪು ನಡೆಸುವ 'ಕಣ್ಬೆಳಕು ಬಳಗ'ಕ್ಕೆ ಅವನು ಸೇರಿ ಹನ್ನೊಂದು ವರ್ಷವಾಗಿತ್ತು. ಲೋಕಿಕೆರೆ, ಕುಕ್ಕುವಾಡ, ಹರಿಹರ ತಾಲ್ಲೂಕಿನ ಸಾರಥಿ, ಯಾವ ಊರಿನ ಸಾಲೆಯಲ್ಲಿ ಕ್ಯಾಂಪಾದರೂ ಮೊದಲು ಒಳಗೆ ಕಾಲಿಡುತ್ತಿದ್ದವನು ಡಾಕ್ಟರಲ್ಲ, ಕರಿಬಸಣ್ಣ. ಗೋಡೆಗೆ ಕಡ್ಡಿ ಹಚ್ಚಿ, ಒಂದು, ಎರಡು, ಮೂರು ಎಂದು ಊರಿಗೆಲ್ಲ ಕೇಳುವಂತೆ ಎಣಿಸುತ್ತ ಆರು ಮೀಟರ್ ಅಳೆದು, ಸುಣ್ಣದಕಡ್ಡಿಯಲ್ಲಿ ಗೆರೆ ಎಳೆದು, ಗೆರೆಯ ಮೇಲೆ ಸ್ಟೂಲು ಇಡುತ್ತಿದ್ದ. ಆಮೇಲೆ ಅಕ್ಷರದ ಬೋರ್ಡನ್ನು ಮೊಳೆಗೆ ತಗುಲಿಸಿ, ಅದೇ ಕಡ್ಡಿ ಹಿಡಿದು ಪಕ್ಕದಲ್ಲಿ ನಿಂತನೆಂದರೆ ಸಂಜೆಯವರೆಗೆ ಆ ಜಾಗ ಬೇರೆ ಯಾರಿಗೂ ಸಲ್ಲುತ್ತಿರಲಿಲ್ಲ.

"ನನ್ನ ಮೀಟರ್ ಸುಳ್ಳು ಹೇಳಲ್ಲ" ಎನ್ನುವುದು ಅವನ ಮಾತು. ಅಂಗಡಿಯಲ್ಲೂ ಅದೇ, ಕ್ಯಾಂಪಿನಲ್ಲೂ ಅದೇ.

ಮೀಟರ್ ಸುಳ್ಳು ಹೇಳುತ್ತಿರಲಿಲ್ಲ, ನಿಜ. ಸುಳ್ಳು ಹೇಳುತ್ತಿದ್ದವನು ಕರಿಬಸಣ್ಣ. ಅವನು ಎಸ್ಸೆಸ್ಸೆಲ್ಸಿಯನ್ನು ಮೂರು ಸಲ ಕಟ್ಟಿ, ಮೂರು ಸಲವೂ ಗಣಿತದಲ್ಲಿ ಮೂವತ್ತೈದು ಮುಟ್ಟದೆ, ನೋಟಿಸ್ ಬೋರ್ಡಿನ ಮುಂದೆ ಊರೆಲ್ಲ ನೋಡುವಾಗ ತಲೆ ತಗ್ಗಿಸಿದ್ದವನು. ನಾಲ್ಕು ಜನರ ಎದುರು ಬೋರ್ಡಿನ ಮುಂದೆ ಫೇಲಾಗುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಹಾಗಾಗಿ ಸ್ಟೂಲಿನ ಮೇಲೆ ಕೂತ ಮುದುಕರು ಮೂರನೆಯ ಸಾಲಿಗೇ ತಡವರಿಸಿದರೆ ಅವನು ನೆರವಿಗೆ ನಿಲ್ಲುತ್ತಿದ್ದ. ಓದು ಬಲ್ಲವರಾದರೆ ಗಂಟಲಲ್ಲೇ "ಗ್ಗ... ಗ್ಗ..." ಎಂದು ಕೆಮ್ಮುತ್ತಿದ್ದ. ಅವರು ತಟ್ಟನೆ "ಗ" ಎನ್ನುತ್ತಿದ್ದರು. ಓದು ಬಾರದವರಿಗೆ ಬೇರೆ ಬೋರ್ಡಿತ್ತು, ಮೂರು ಕಾಲಿನ ಒಂದು ಗುರುತು ನಾಲ್ಕು ದಿಕ್ಕಿಗೆ ತಿರುಗಿ ತಿರುಗಿ ಕೂತಿದ್ದ ಬೋರ್ಡು. ಗುರುತಿನ ಕಾಲು ಯಾವ ಕಡೆಗಿವೆ ಎಂದು ಕೈ ತೋರಿಸಬೇಕು. ಅಲ್ಲಿ ಅವನ ಕಡ್ಡಿಯೇ ಮೆಲ್ಲಗೆ ಆ ಕಡೆಗೆ ವಾಲುತ್ತಿತ್ತು.

ಹೀಗೆ ಹನ್ನೊಂದು ವರ್ಷದಲ್ಲಿ ಕರಿಬಸಣ್ಣ ಎಷ್ಟು ಜನರನ್ನು ಪಾಸ್ ಮಾಡಿಸಿದನೋ ಲೆಕ್ಕವಿಲ್ಲ. ಹಳ್ಳಿಯವರೂ ಖುಷಿಯಿಂದಲೇ ಮನೆಗೆ ಹೋಗುತ್ತಿದ್ದರು. ಕಣ್ಣು ಕಾಣದಿದ್ದರೂ ಕಣ್ಣು ಚೆನ್ನಾಗಿದೆ ಎಂಬ ಚೀಟಿ ಕೈಯಲ್ಲಿರುತ್ತಿತ್ತಲ್ಲ!

ಹಾಗೆ ಪಾಸಾದವರಲ್ಲಿ ಸಾರಥಿಯ ಖತೀಜಾಬೀಯೂ ಒಬ್ಬಳು. ಕೌದಿ ಹೊಲಿಯುವ ಮುದುಕಿ. ತಿಂಗಳಿಗೊಮ್ಮೆ ದಾವಣಗೆರೆಗೆ ಬಂದು ಕರಿಬಸಣ್ಣನ ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಗಳನ್ನು ಗಂಟು ಕಟ್ಟಿ ಒಯ್ಯುತ್ತಿದ್ದಳು. ಮೊಮ್ಮಗಳು ಬೆಳಿಗ್ಗೆ ಸಾಲೆಗೆ ಹೋಗುವ ಮುನ್ನ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗಬೇಕು. ಹತ್ತೂ ಮುಗಿದರೆ ಮುದುಕಿಯ ಅವತ್ತಿನ ಕೆಲಸವೂ ಮುಗಿಯಿತು. ಕಳೆದ ವರ್ಷದ ಕ್ಯಾಂಪಿನಲ್ಲಿ ಅವಳು ಸ್ಟೂಲಿನ ಮೇಲೆ ಕೂತು, ಸೆರಗು ಸರಿ ಮಾಡಿಕೊಂಡು ಕೇಳಿದ್ದಳು:

"ಬೇಟಾ, ಗ್ವಾಡೆ ಮ್ಯಾಲೆ ಏನೈತೆ ಅಂತ ಮೊದ್ಲೇ ಹೇಳಿಬಿಡು. ಆಮ್ಯಾಲೆ ಕೇಳು."

"ಮೂರು ಕಾಲಿನ ಗುರುತು ಐತೆ ಬೂಬಮ್ಮ. ಕಾಲು ಯಾವ ಕಡಿಗೆ ಅದಾವೆ, ಕೈ ತೋರ್ಸು."

"ಅಯ್ಯ, ಕಾಲು ಅಂದ್ರೆ ಕೆಳಗೇ ಇರ್ತಾವಲ್ಲ!"

ಜನ ನಕ್ಕರು. ಖತೀಜಾಬೀಯ ಮುಖ ಬಾಡಿತು. ಕಡ್ಡಿ ಬಲಕ್ಕೆ ವಾಲಿತು. ಮಂಜಿನಲ್ಲಿ ಉದ್ದನೆಯದೇನೋ ಅಲುಗಿದ್ದು ಅವಳಿಗೆ ಗೊತ್ತಾಯಿತು. "ಬಲಕ್ಕೆ" ಎಂದಳು. "ಭೇಷ್!" ಎಂದ ಕರಿಬಸಣ್ಣ. ಕಡ್ಡಿ ಮೇಲಾಯಿತು, ಎಡಕ್ಕಾಯಿತು. ಮುದುಕಿ ಒಂದೂ ತಪ್ಪಲಿಲ್ಲ. ಪೊರೆ ಬಂದಿದೆಯೋ ಇಲ್ಲವೋ ನೋಡಲು ಡಾಕ್ಟರ ಬಳಿ ಹೋಗಬೇಕಾದವಳು ಚೀಟಿ ಹಿಡಿದು, ಅವನ ತಲೆ ಸವರಿ, ದಾರಿಯ ಕಲ್ಲು ಎಡವುತ್ತ ಮನೆಗೆ ಹೋದಳು.

ಕರಿಬಸಣ್ಣನ ಕಣ್ಣಿನ ಮಾತು ಬೇರೆ. ಅವನಿಗೆ ಬೋರ್ಡಿನ ಹುಳುವಿನಷ್ಟು ಸಣ್ಣ ಕೊನೆಯ ಸಾಲೂ ಕಡ್ಡಿ ಮುಟ್ಟಿಸಿದಷ್ಟು ಸ್ಪಷ್ಟ. ಕುಕ್ಕುವಾಡದಲ್ಲಿ ಒಮ್ಮೆ ಕರೆಂಟು ಹೋಗಿ ಕೋಣೆ ಕತ್ತಲಾದಾಗಲೂ ಬಾಗಿಲಲ್ಲಿ ನಿಂತೇ "ನ ವ ಲ ಟ ಸ ಬ ಯ ಮ" ಎಂದು ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದ್ದ. ಐವತ್ತೆಂಟು ವರ್ಷಕ್ಕೆ ಇಂಥ ಕಣ್ಣು ಯಾರಿಗುಂಟು! ಹಾಗಾಗಿ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನು ಸ್ಟೂಲಿನ ಮೇಲೆ ಕೂರಲಿಲ್ಲ. ಮದುವೆ ಮನೆಯಲ್ಲಿ ಬಡಿಸುವವನು ಎಲೆ ಮುಂದೆ ಕೂರುತ್ತಾನೆಯೆ?

ಆದರೆ ಈಚೆಗೆ ಒಂದೆರಡು ವರ್ಷದಿಂದ ಅವನ ಸುತ್ತಮುತ್ತಲಿನವರು ಸರಿಯಿರಲಿಲ್ಲ. ಹೆಂಡತಿ ಬಸವಣ್ಣೆಮ್ಮ ಮನೆಯ ಸಾಮಾನನ್ನೆಲ್ಲ ದಾರಿಗೆ ಅಡ್ಡ ಇಡತೊಡಗಿದ್ದಳು. ಮಂಚದ ಕಾಲು, ಬಾಗಿಲ ಚೌಕಟ್ಟು, ನೀರಿನ ಕೊಡ, ಎಲ್ಲವೂ ಅವನ ಮೊಣಕಾಲು ಹುಡುಕಿಕೊಂಡು ಬರುತ್ತಿದ್ದವು. ಊಟಕ್ಕೆ ಕೂತರೆ ಇನ್ನೊಂದು.

"ಉಪ್ಪಿನಕಾಯಿ ಹಾಕಿಲ್ಲೇನೇ?"

"ಎಡಗಡಿ ತುದಿಗೆ ಐತಲ್ರೀ. ಕಣ್ಣೇನು ಕ್ಯಾಂಪಿಗೆ ಹೋಗ್ಯಾವೇನು?"

"ತುದಿಗೆ ಯಾಕ ಇಡ್ತಿ? ನಡುವೆ ಇಡಾಕೆ ಏನು ರೋಗ?"

ಪೇಟೆಯಲ್ಲಿ ಬೇರೆಯೇ ಮಾತಿತ್ತು. ಪಕ್ಕದಿಂದ ಯಾರು ನಮಸ್ಕಾರ ಹೊಡೆದರೂ ಕರಿಬಸಣ್ಣ ತಿರುಗಿ ನೋಡುವುದಿಲ್ಲ ಎಂದು. ಅದಕ್ಕೆ ಸರಿಯಾಗಿ ಬಳಗದವರು ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು. ದಾವಣಗೆರೆ ಜಿಲ್ಲೆಯಾಗಿ ಇನ್ನೂ ಆರು ತಿಂಗಳಾಗಿತ್ತು. ಆ ಸಂಭ್ರಮದಲ್ಲಿ ಊರಲ್ಲಿ ಶಾಲು ಹೊದೆಯದೆ ಉಳಿದವರೇ ಕಡಿಮೆ. ಅಂಗಡಿಯ ಜಗಲಿಯ ಮೇಲೆ ಇಪ್ಪತ್ತು ವರ್ಷದಿಂದ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದ ಟೈಲರ್ ಅಲ್ಲಾಬಕ್ಷ್ ಮಾತ್ರ ಮುಖದ ಮೇಲೇ ಹೇಳಿದ:

"ಸಾವ್ಕಾರ್ರೇ, ಜನ ಏನಂತಾರೆ ಗೊತ್ತೈತೇನು? ಸನ್ಮಾನ ಇನ್ನಾ ಆಗಿಲ್ಲ, ಗತ್ತು ಆಗ್ಲೇ ಬಂದೈತೆ ಅಂತಾರೆ."

"ಯಾರಂದವ್ರು? ಎದುರಿಗೆ ಬಂದು ಅನ್ನಾಕೆ ಹೇಳು."

"ಎದುರಿಗೆ ಬಂದ್ರೆ ನೀವು ಮಾತಾಡ್ಸ್ತೀರಲ್ಲ. ಪಕ್ಕಕ್ಕೆ ಬಂದೋರದೇ ತಕರಾರು" ಎಂದ ಅಲ್ಲಾಬಕ್ಷ್. ಅವನು ಹೇಳಿದ್ದು ಎಷ್ಟು ದೊಡ್ಡ ಮಾತೆಂದು ಅವನಿಗೂ ಗೊತ್ತಿರಲಿಲ್ಲ.

ತೊಂಬತ್ತೆಂಟರ ಫೆಬ್ರವರಿಯಲ್ಲಿ ಹರಿಹರದ ಒಂದು ಕಲ್ಯಾಣ ಮಂಟಪದಲ್ಲಿ ಕ್ಯಾಂಪು, ಅಲ್ಲೇ ಸನ್ಮಾನ. ಬಳಗದ ಅಧ್ಯಕ್ಷ, ಹತ್ತಿ ವ್ಯಾಪಾರಿ ರುದ್ರಮುನಿ ಮೈಕ್ ಹಿಡಿದು, "ಹತ್ತು ಸಾವಿರ ಜನರ ಇಪ್ಪತ್ತು ಸಾವಿರ ಕಣ್ಣು ನೋಡಿದ ಕಣ್ಣು ಇವು!" ಎಂದು ಗುಡುಗಿದರು. ಶಾಲು ಬಂತು, ಹಣ್ಣಿನ ಬುಟ್ಟಿ ಬಂತು. ಎಡಗಡೆಯಿಂದ ಹಾರ ಹಿಡಿದು ಬಂದವರು ಒಂದು ನಿಮಿಷ ಹಾಗೇ ನಿಂತಿದ್ದರು. ಕರಿಬಸಣ್ಣ ಕೊರಳೊಡ್ಡಲೇ ಇಲ್ಲ. ವಿನಯ ಎಂದುಕೊಂಡರು ಜನ.

ಆ ಸಲ ಹೊಸ ಡಾಕ್ಟರು ಬಂದಿದ್ದರು. ಹಳೆಯ ಡಾಕ್ಟರು ನಿವೃತ್ತರಾಗಿ, ಅವರ ಜಾಗಕ್ಕೆ ಡಾಕ್ಟರ್ ನಿಖತ್ ಎನ್ನುವ ಮೂವತ್ತು ಮೂವತ್ತೆರಡರ ಹೆಣ್ಣುಮಗಳು. ಅವರ ಹತ್ತಿರ ಮಖಮಲ್ಲಿನ ಪುಟ್ಟ ಪೆಟ್ಟಿಗೆಯಲ್ಲಿ ಒಂದು ಉಪಕರಣವಿತ್ತು. ಅಕ್ಕಸಾಲಿಗರ ತಕ್ಕಡಿಯ ಬಟ್ಟಿನಂಥ ಸಣ್ಣ ತೂಕ, ಅದಕ್ಕೊಂದು ಮುಳ್ಳು. ಕಣ್ಣೊಳಗಿನ ಒತ್ತಡ ಎಷ್ಟಿದೆ ಎಂದು ಅಳೆಯುವುದು ಅದರ ಕೆಲಸ. ನಲವತ್ತು ದಾಟಿದವರಿಗೆಲ್ಲ ಆ ಪರೀಕ್ಷೆ ಮಾಡುತ್ತೇನೆಂದು ಡಾಕ್ಟರು ಹಟ ಹಿಡಿದಿದ್ದರು. ರುದ್ರಮುನಿಗೆ ಪೇಪರಿನವರ ಕ್ಯಾಮೆರಾ ಕಂಡಿತು.

"ಹಂಗಾದ್ರೆ ಮೊದ್ಲು ನಮ್ಮ ಕರಿಬಸಣ್ಣನದೇ ಅಳೀರಿ ಡಾಕ್ಟ್ರೇ! ಇಲ್ಲೇ, ವೇದಿಕೆ ಮ್ಯಾಲೆ! ಜನಕ್ಕೂ ಧೈರ್ಯ ಬರ್ತೈತೆ."

ಕರಿಬಸಣ್ಣ ಶಾಲಿನ ಸಮೇತ ಬೆಂಚಿನ ಮೇಲೆ ಮಲಗಿದ. ಕಣ್ಣು ಜೋಮು ಹಿಡಿಯುವ ಹನಿ ಹಾಕಿ, ಡಾಕ್ಟರು ಆ ತೂಕವನ್ನು ಮೆಲ್ಲಗೆ ಕಣ್ಣಿನ ಮೇಲಿಟ್ಟರು. ಮುಳ್ಳು ನೋಡಿದರು. ಇನ್ನೊಂದು ಸಲ ಇಟ್ಟು ನೋಡಿದರು. ನರ್ಸಿನ ಕಿವಿಯಲ್ಲಿ, "ಬಲಗಣ್ಣು ಮೂವತ್ತೆಂಟು. ಎಡಗಣ್ಣು ಮೂವತ್ತಾರು" ಎಂದರು.

ಮಲಗಿದ್ದವನ ಕಿವಿ ಚುರುಕಾಗಿತ್ತು. ಅವನು ಎದ್ದು ಕೂತು ರುದ್ರಮುನಿಯ ಕೈಯಿಂದ ಮೈಕ್ ಕಸಿದುಕೊಂಡ.

"ಎಷ್ಟಿದ್ರೆ ಪಾಸ್ರೀ ಡಾಕ್ಟ್ರೇ?"

"ಇಪ್ಪತ್ತೊಂದರ ಒಳಗೆ... ಆದರೆ ಸರ್..."

"ಇಪ್ಪತ್ತೊಂದು ಇದ್ರೆ ಸಾಕಿತ್ತಂತೆ!" ಕರಿಬಸಣ್ಣ ಮೈಕಿನಲ್ಲಿ ಕೂಗಿದ. "ನಂದು ಮೂವತ್ತೆಂಟು ಬಂದೈತೆ!"

ಮಂಟಪ ಚಪ್ಪಾಳೆಯಿಂದ ತುಂಬಿಹೋಯಿತು. ಎಸ್ಸೆಸ್ಸೆಲ್ಸಿ ಗಣಿತ ಮೂರು ಸಲವೂ ಕೊಡದ ಅಂಕಿಯನ್ನು ಕಣ್ಣು ಒಂದೇ ಸಲಕ್ಕೆ ಕೊಟ್ಟಿತ್ತು. ಕ್ಯಾಮೆರಾ ಫ್ಲಾಶ್ ಹೊಡೆಯಿತು. ಡಾಕ್ಟರು ಅವನ ಹತ್ತಿರ ಬಂದು, "ಸರ್, ಸ್ವಲ್ಪ ಒಳಗೆ ಬರ್ರಿ" ಎಂದರು.

ವಧುವಿನ ಕೋಣೆಯನ್ನೇ ಪರೀಕ್ಷೆಯ ಕೋಣೆ ಮಾಡಿದ್ದರು. ಡಾಕ್ಟರು ಬಾಗಿಲು ಎಳೆದು, ಸಣ್ಣ ಬ್ಯಾಟರಿಯಂಥದರಲ್ಲಿ ಅವನ ಎರಡೂ ಕಣ್ಣಿನ ಒಳಗೆ ಬಹಳ ಹೊತ್ತು ನೋಡಿದರು.

"ನಿಮ್ಮ ಮನೆತನದಲ್ಲಿ ಯಾರಿಗಾದರೂ ಕಣ್ಣು ಹೋಗಿತ್ತಾ ಸರ್?"

"ಯಾರಿಗೂ ಇಲ್ಲ."

"ತಂದೆಯವರಿಗೆ?"

"ಅಪ್ಪಾಜಿಗೆ ಕಾಣ್ತಿರ್ಲಿಲ್ಲ, ಅಷ್ಟೇ. ವಯಸ್ಸಾಗಿತ್ತಲ್ರೀ. ಕೊನೇ ಐದು ವರ್ಷ ನಮ್ಮ ತಮ್ಮ ಕೊಟ್ಟೂರೇಶಿನೇ ಕೈ ಹಿಡ್ಕಂಡು ಅಡ್ಡಾಡ್ಸಿದ. ಅದನ್ನ ಕಣ್ಣು ಹೋಗಿದ್ದು ಅನ್ನಾಕೆ ಬರಲ್ಲ."

ಡಾಕ್ಟರು ಅದನ್ನೂ ಬರೆದುಕೊಂಡರು.

"ಇದಕ್ಕೆ ಗ್ಲಾಕೋಮಾ ಅಂತಾರೆ. ಮೂವತ್ತೆಂಟು ಅನ್ನೋದು ನಿಮ್ಮ ಕಣ್ಣೊಳಗಿನ ಒತ್ತಡ, ಅದು ಇಳಿಬೇಕು. ಒತ್ತಡ ಹೆಚ್ಚಾಗಿ ಕಣ್ಣಿನ ನರ ಒಣಗುತ್ತಾ ಬಂದಿದೆ. ನೋವಿರಲ್ಲ, ಕೆಂಪಾಗಲ್ಲ. ಮೊದಲು ಅಂಚು ಹೋಗುತ್ತೆ, ನಡುವಿನ ನೋಟ ಕೊನೇವರೆಗೆ ಉಳಿದಿರುತ್ತೆ. ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಹನಿ ಹಾಕದೆ ಬಿಟ್ಟರೆ ಆ ನಡುವಿನದೂ ಹೋಗುತ್ತೆ."

ಕರಿಬಸಣ್ಣ ನಕ್ಕ. ಅಂಗಡಿಯಲ್ಲಿ ಬಣ್ಣ ಬಿಡುತ್ತದೆ ಎಂದ ಗಿರಾಕಿಗೆ ನಗುವ ನಗು.

"ಡಾಕ್ಟ್ರಮ್ಮ, ನೀವು ಹೊಸಬ್ರು. ನಾನು ಕೊನೇ ಸಾಲು ಓದ್ತೀನಿ. ಕಣ್ಣು ಮುಚ್ಚಿದ್ರೂ ಹೇಳ್ತೀನಿ ನೋಡ್ರಿ, ನ ವ ಲ ಟ..."

"ಕಣ್ಣು ಮುಚ್ಚಿ ಓದೋದು ಕಣ್ಣಿನ ಪರೀಕ್ಷೆ ಅಲ್ಲ ಸರ್" ಎಂದರು ಡಾಕ್ಟರು ಮೆತ್ತಗೆ. "ಒಂದು ಕಣ್ಣು ಮುಚ್ಚಿಕೊಳ್ಳಿ. ನನ್ನ ಮೂಗನ್ನೇ ನೋಡ್ತಾ ಇರಿ. ಪಕ್ಕದಿಂದ ಬೆರಳು ತರ್ತೀನಿ, ಕಂಡ ಕೂಡಲೇ ಹೇಳಿ."

ಅವನು ಮೂಗು ನೋಡುತ್ತ ಕೂತ. ಮೂಗುತಿಯ ಹರಳು ಕೂಡ ಸ್ಪಷ್ಟವಾಗಿತ್ತು. ಸ್ವಲ್ಪ ಹೊತ್ತಾಯಿತು. ಇನ್ನೂ ಸ್ವಲ್ಪ ಹೊತ್ತಾಯಿತು.

"ಶುರು ಮಾಡ್ರಿ ಮತ್ತೆ" ಎಂದ.

"ಆಗಲೇ ಶುರು ಮಾಡಿದೀನಿ ಸರ್" ಎಂದರು ಡಾಕ್ಟರು.

ಅವನು ಎದ್ದ. ಚೀಟಿಯನ್ನು ಜೇಬಿಗೆ ತುರುಕಿಕೊಂಡ. ಬಾಗಿಲ ಬಳಿ ಇದ್ದ ಬಕೆಟ್ಟಿಗೆ ಕಾಲು ತಾಗಿ ನೀರೆಲ್ಲ ಚೆಲ್ಲಿತು. "ಬಕೆಟ್ ಎಲ್ಲಿಡಬೇಕು ಅಂತ ಗೊತ್ತಿಲ್ಲ, ಕಣ್ಣು ನೋಡಾಕೆ ಬಂದಾರೆ" ಎಂದು ಗೊಣಗುತ್ತ ದಾವಣಗೆರೆಯ ಬಸ್ಸು ಹತ್ತಿದ.

ಮರುದಿನ ಪೇಪರಿನಲ್ಲಿ ಫೋಟೋ ಬಂತು. "ಹತ್ತು ಸಾವಿರ ಜನರ ಕಣ್ಣು ನೋಡಿದ ಸಾಧಕನ ಕಣ್ಣಿಗೆ ಮೂವತ್ತೆಂಟು ಅಂಕ; ವೈದ್ಯರ ಪ್ರಶಂಸೆ" ಎಂದು ಕೆಳಗೆ ಸಾಲು. ಬಸವಣ್ಣೆಮ್ಮ ಅದನ್ನು ಕತ್ತರಿಸಿ ದೇವರ ಗೂಡಿನ ಪಕ್ಕ ಅಂಟಿಸಿದಳು. ಗಿರಾಕಿಗಳು "ನಮ್ಮದು ಎಷ್ಟಿರಬೌದ್ರೀ?" ಎಂದು ಕೇಳಿದರು. ಡಾಕ್ಟರ ಚೀಟಿ ಗಲ್ಲಾಪೆಟ್ಟಿಗೆಯ ತಳಕ್ಕೆ ಹೋಯಿತು. ಮೂರು ವಾರ ಅಲ್ಲೇ ಇತ್ತು.

ಒಂದು ಮಂಗಳವಾರ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಕರಿಬಸಣ್ಣ ಗದ್ದಿಗೆಯ ಮೇಲೆ ಕೂತು ಪೇಪರು ಓದುತ್ತಿದ್ದ. ಅಕ್ಷರಗಳೆಲ್ಲ ಮುತ್ತಿನಂತೆ ಕಾಣುತ್ತಿದ್ದವು. ಸಾರಥಿಯಿಂದ ಬಂದ ಖತೀಜಾಬೀ ಗೋಡೆ ಸವರಿಕೊಂಡು ಮೆಟ್ಟಿಲೇರಿ, ಗದ್ದಿಗೆಯ ಎಡಗಡೆ ಚಾಪೆಯ ಮೇಲೆ ಕೂತಳು. ಗದ್ದಿಗೆಯ ಕಡೆ ನೋಡಿದಳು. ಅಲ್ಲಿ ಬಿಳಿ ಬಟ್ಟೆಯ ರಾಶಿಯೊಂದು ಇದ್ದಂತಿತ್ತು. ಸಾವ್ಕಾರ್ರು ಊಟಕ್ಕೆ ಹೋಗಿರಬೇಕು ಎಂದುಕೊಂಡು ಸುಮ್ಮನೆ ಕಾಯತೊಡಗಿದಳು. ಬಿಳಿ ರಾಶಿ ಪೇಪರಿನ ಪುಟ ತಿರುಗಿಸಿತು. ಮುದುಕಿ ಫ್ಯಾನಿನ ಗಾಳಿ ಎಂದುಕೊಂಡಳು.

ಜಗಲಿಯ ಮೇಲಿದ್ದ ಅಲ್ಲಾಬಕ್ಷ್ ಇದನ್ನು ಮೊದಲು ತಮಾಷೆಯಾಗಿ ನೋಡಿದ. ಇಬ್ಬರ ನಡುವೆ ಎರಡು ಮೊಳ ಅಂತರ. ಐದು ನಿಮಿಷವಾಯಿತು, ಹತ್ತಾಯಿತು. ಮುದುಕಿ ಸಂಚಿ ಬಿಚ್ಚಿ ಎಲೆ ಅಡಿಕೆ ಹಾಕಿಕೊಂಡಳು. ಕರಿಬಸಣ್ಣ ಆಕಳಿಸಿದ. ಕಾಲು ಗಂಟೆಯಾದಾಗ ಅಲ್ಲಾಬಕ್ಷನ ನಗು ಬತ್ತಿತು. ಯಂತ್ರದ ಚಕ್ರಕ್ಕೆ ಕೈ ಹಚ್ಚಿ ನಿಲ್ಲಿಸಿದ.

"ಸಾವ್ಕಾರ್ರೇ, ಬೂಬಮ್ಮನ್ನ ಎಷ್ಟೊತ್ತು ಕೂರಿಸ್ತೀರಿ?"

"ಯಾವ ಬೂಬಮ್ಮ?"

"ಯಾರು, ಸಾವ್ಕಾರ್ರು ಇಲ್ಲೇ ಅದಾರೇನು?" ಎಂದಳು ಖತೀಜಾಬೀ.

ಕರಿಬಸಣ್ಣ ಮೈಯನ್ನೆಲ್ಲ ತಿರುಗಿಸಿ ನೋಡಿದ. ಮುದುಕಿ ಶೂನ್ಯದಿಂದ ಎದ್ದು ಬಂದಂತೆ ಅಲ್ಲಿ ಕೂತಿದ್ದಳು.

"ಯಾವಾಗ ಬಂದಿ ಬೂಬಮ್ಮ? ಕೂಗಬಾರ್ದಾ?"

"ನೀನಿದ್ದಿ ಅಂತ ನಂಗೇನು ಗೊತ್ತು ಬೇಟಾ? ಉಸುರು ಬಿಡದಂಗೆ ಕುತ್ಕಂಡಿದೀಯ."

"ಎದುರಿಗಿದೀನಿ, ಕಾಣಲ್ಲೇನು ನಿಂಗೆ?"

ಖತೀಜಾಬೀಗೆ ಸಿಟ್ಟು ಬಂತು. "ನನ್ನ ಕಣ್ಣಿಗೇನಾಗೈತೆ? ನೀನೇ ಪಾಸ್ ಮಾಡಿದ್ದಲ್ಲ! ಚೀಟಿ ಐತೆ, ಟ್ರಂಕಿನಾಗೆ ಇಟ್ಟೀನಿ. ಸೊಸಿ ಆಸ್ಪತ್ರೆಗೆ ಹೋಗಾಣ ಅಂದ್ಲು. ಕರಿಬಸಣ್ಣಗಿಂತ ದೊಡ್ಡ ಡಾಕ್ಟ್ರು ಬೇಕೇನೇ ಅಂತ ಬೈದೆ."

ಅವಳು ತುಂಡು ಬಟ್ಟೆಯ ಗಂಟು ಹೊತ್ತು ಹೋದ ಮೇಲೆ ಕರಿಬಸಣ್ಣ ಗಲ್ಲಾಪೆಟ್ಟಿಗೆಯ ತಳದಿಂದ ಚೀಟಿ ತೆಗೆದು ಅಲ್ಲಾಬಕ್ಷನಿಗೆ ತೋರಿಸಿದ. ವಧುವಿನ ಕೋಣೆಯಲ್ಲಿ ನಡೆದದ್ದನ್ನೂ ಹೇಳಿದ. "ಆ ಡಾಕ್ಟ್ರಮ್ಮನ ಬೆರಳು ನಾನು ನಂಬಲ್ಲ. ನನ್ನ ಮೀಟರಿನಾಗೆ ಅಳೆದು ನೋಡಾಣ. ಬಾಗ್ಲು ಅರ್ಧ ಎಳಿ" ಎಂದ.

ಎರಡೂವರೆ ಮೀಟರ್ ಬಿಳಿ ಲಾಂಗ್‌ಕ್ಲಾತನ್ನು ಗದ್ದಿಗೆಯಿಂದ ಒಂದು ಮೀಟರ್ ಆಚೆಗೆ ನೆಲದ ಮೇಲೆ ಅಡ್ಡಲಾಗಿ ಹಾಸಿದರು. ಮೀಟರ್ ಕಡ್ಡಿಯ ತುದಿಗೆ ಕೆಂಪು ದಾರದ ಉಂಡೆ ಕಟ್ಟಿದರು. ನೋಡುವವನು ಗದ್ದಿಗೆಯ ಮೇಲೆ ಕೂತು, ಎದುರಿನ ಕಂಬದ ಹಿತ್ತಾಳೆ ಕೊಕ್ಕೆಯನ್ನು ಬಿಟ್ಟು ಬೇರೆ ಕಡೆ ಕಣ್ಣಾಡಿಸಬಾರದು. ಇನ್ನೊಬ್ಬ ಕೆಂಪು ಉಂಡೆಯನ್ನು ಕೊಕ್ಕೆಯ ಎತ್ತರಕ್ಕೆ ಹಿಡಿದು ಬಟ್ಟೆಯ ತುದಿಯಿಂದ ನಡುವಿಗೆ ತರುತ್ತ ಬರಬೇಕು. ಕಂಡ ಜಾಗದಲ್ಲಿ ಟೈಲರನ ಸೀಮೆಸುಣ್ಣದ ಗುರುತು, ಒಬ್ಬೊಬ್ಬರಿಗೆ ಒಂದೊಂದು ಬಣ್ಣ.

ಮೊದಲು ಅಲ್ಲಾಬಕ್ಷ್ ಕೂತ. ಸೋಡಾ ಬಾಟಲಿಯ ತಳದಂಥ ಕನ್ನಡಕದವನು. ಕರಿಬಸಣ್ಣ ಉಂಡೆಯನ್ನು ಬಟ್ಟೆಯ ತುದಿಗೆ ಹಿಡಿದನೋ ಇಲ್ಲವೋ, "ಕಂಡ್ತು" ಎಂದ.

"ಇನ್ನಾ ಶುರುವೇ ಮಾಡಿಲ್ಲಲ್ಲೋ!"

"ಕಾಣ್ತದಲ್ರೀ, ಏನ್ ಮಾಡ್ಲಿ? ಮಸುಕಾಗೈತೆ, ಆದ್ರೆ ಐತೆ."

ಆ ಕಡೆಯೂ ಅಷ್ಟೇ. ಬಟ್ಟೆ ಮುಗಿಯಿತು, ಅಲ್ಲಾಬಕ್ಷನ ನೋಟ ಮುಗಿಯಲಿಲ್ಲ. ಎರಡು ತುದಿಗೂ ನೀಲಿ ಗುರುತು ಬಿದ್ದವು.

ಆಮೇಲೆ ಕರಿಬಸಣ್ಣ ಕೂತ. ಕೊಕ್ಕೆ ನೋಡಿದ. ಕೊಕ್ಕೆಗೆ ಅಂಟಿದ್ದ ಜೇಡರ ಬಲೆಯ ಎಳೆಯೂ ಕಂಡಿತು. ಕಣ್ಣೆಂದರೆ ಇದು ಎಂದುಕೊಂಡ.

"ತಗಂಡು ಬಾ."

"ತರ್ತಿದೀನಿ."

"ತಾರೋ."

"ಬರ್ತಿದೀನಿ ಸಾವ್ಕಾರ್ರೇ."

"ಎಲ್ಲಿಗೋದೆಲೇ? ಬೀಡಿ ಸೇದಾಕೇನಾದ್ರೂ ಹೋದೇನು?"

ಅಲ್ಲಾಬಕ್ಷ್ ಕಡ್ಡಿ ಸರಿಸುತ್ತಲೇ ಇದ್ದ. ಕೆಂಪು ಉಂಡೆ ಕೊಕ್ಕೆಯ ಹತ್ತಿರ ಹತ್ತಿರ ಬಂದಾಗ, ಗೋಡೆಯೊಳಗಿಂದ ಹಾರಿ ಬಂದಂತೆ ಥಟ್ಟನೆ ಕಣ್ಣೆದುರು ಮೂಡಿತು. "ಕಂಡ್ತು!" ಎಂದು ಕರಿಬಸಣ್ಣ ಕೂಗಿದ. ಆ ಕಡೆಯಿಂದ ತಂದಾಗಲೂ ಅದೇ. ಎರಡು ಕೆಂಪು ಗುರುತು.

ಅವನೇ ಗದ್ದಿಗೆಯಿಂದ ಇಳಿದ. ದಾರದ ಉಂಡೆ ಬಿಚ್ಚಿ, ಮಂಡಿಯೂರಿ, ಕೆಂಪು ಗುರುತಿನಿಂದ ಕೆಂಪು ಗುರುತಿಗೆ ಕಡ್ಡಿ ಹಚ್ಚಿದ. ಒಂದು ಮೀಟರೂ ಇರಲಿಲ್ಲ. ಕಡ್ಡಿಯ ತುದಿಯ ಹಿತ್ತಾಳೆ ಗುರುತಿನಿಂದ ಆಚೆ ಚಾಚಿಕೊಂಡಿತ್ತು. ಬೆರಳಿಟ್ಟು ನೋಡಿದ. ಎಂಬತ್ತು ಸೆಂಟಿಮೀಟರ್.

ಎಂಬತ್ತು ಸೆಂಟಿಮೀಟರ್ ಎಂದರೇನು ಎಂದು ಬಟ್ಟೆ ವ್ಯಾಪಾರಿಗೆ ಯಾರೂ ಹೇಳಬೇಕಾಗಿಲ್ಲ. ದಿನಕ್ಕೆ ಇಪ್ಪತ್ತು ಸಲ ಹರಿಯುತ್ತಿದ್ದ ಅಳತೆ ಅದು.

"ಒಂದು ಕುಪ್ಪಸದ ಪೀಸು" ಎಂದ ನಿಧಾನವಾಗಿ. "ನಿಂಗೆ ಪ್ಯಾಂಟು ಶರ್ಟು ಎರಡೂ ಆಗುವಷ್ಟು ಕಾಣ್ತೈತೆ ಅಲ್ಲಾಬಕ್ಷ. ನಂಗೆ ಒಂದು ಕುಪ್ಪಸದ ಪೀಸಿನಷ್ಟು ಉಳಿದೈತೆ."

"ಕಡ್ಡಿ ಇನ್ನೊಂದ್ಸಲ ಹಚ್ಚಿ ನೋಡ್ರಿ, ತಪ್ಪಿರ್ಬೌದು" ಎಂದ ಅಲ್ಲಾಬಕ್ಷ್.

"ನನ್ನ ಮೀಟರ್ ಸುಳ್ಳು ಹೇಳಲ್ಲ ಕಣಲೇ" ಎಂದ ಕರಿಬಸಣ್ಣ. ಮೂವತ್ತು ವರ್ಷದಲ್ಲಿ ಆ ಮಾತನ್ನು ಅವನು ಅಷ್ಟು ಮೆಲ್ಲಗೆ ಹೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಡಾಕ್ಟರ್ ನಿಖತ್ ಅವರ ದವಾಖಾನೆಗೆ ಹೋದಾಗ ಅವನ ಬಗಲಲ್ಲಿ ಮಡಿಸಿದ ಲಾಂಗ್‌ಕ್ಲಾತಿತ್ತು. ಅದನ್ನು ಮೇಜಿನ ಮೇಲೆ ಬಿಡಿಸಿ ಕೆಂಪು, ನೀಲಿ ಗುರುತು ತೋರಿಸಿದ. ಡಾಕ್ಟರು ನಗಲಿಲ್ಲ. ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಯಂತ್ರ ಇಲ್ಲದೆ ಇಷ್ಟು ಸರಿಯಾಗಿ ಯಾರು ಮಾಡಿದರು?" ಎಂದರು.

"ಕೆಂಪು ಗುರುತಿನ ಆಚೆದು ವಾಪಸ್ ಬರ್ತೈತೇನ್ರಿ?"

"ಇಲ್ಲ ಸರ್. ಹೋದದ್ದು ಬರಲ್ಲ. ಇರೋದನ್ನ ಉಳಿಸಿಕೊಳ್ಳಬಹುದು. ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ. ಜೀವ ಇರೋವರೆಗೆ. ಒಂದು ದಿನವೂ ಬಿಡಬಾರದು. ತಿಂಗಳಿಗೊಮ್ಮೆ ಒತ್ತಡ ನೋಡ್ತೀನಿ."

"ಎರಡು ವರ್ಷ ಮುಂಚೆ ಬಂದಿದ್ರೆ?"

"ಇನ್ನೂ ಅಗಲ ಉಳೀತಿತ್ತು." ಡಾಕ್ಟರು ಚೀಟಿ ಬರೆಯುತ್ತಲೇ ಕೇಳಿದರು, "ಈ ಎರಡು ವರ್ಷದಲ್ಲಿ ನೀವು ಎಷ್ಟು ಕ್ಯಾಂಪ್ ಮಾಡಿದ್ರಿ ಸರ್?"

"ಹದಿನಾಲ್ಕು" ಎಂದ ಕರಿಬಸಣ್ಣ.

ಡಾಕ್ಟರು ಅವನ ತಮ್ಮನನ್ನು ಕರೆತರಲು ಹೇಳಿದರು. ಗ್ಲಾಕೋಮಾ ಅಣ್ಣ ತಮ್ಮಂದಿರ ನಡುವೆ ಪಾಲಾಗುತ್ತದಂತೆ, ಹೊಲಮನೆಯ ಹಾಗೆ. ಕೊಟ್ಟೂರೇಶಿ "ನಂಗೆ ಎಲ್ಲ ಕಾಣ್ತೈತೆ" ಎಂದು ಎಗರಾಡಿದ. ಕರಿಬಸಣ್ಣ, "ನಂಗೂ ಎಲ್ಲ ಕಾಣ್ತಿತ್ತು" ಎಂದು ರಟ್ಟೆ ಹಿಡಿದು ಎಳೆದೊಯ್ದ. ತಮ್ಮನ ಕಣ್ಣಿನ ಒತ್ತಡ ಇಪ್ಪತ್ತಾರು. ಅಂಚು ಇನ್ನೂ ಹೋಗಿರಲಿಲ್ಲ. ಹನಿ ಶುರುವಾಯಿತು.

ಮನೆಯಲ್ಲಿ ಬಸವಣ್ಣೆಮ್ಮ ಪೇಪರಿನ ತುಣುಕನ್ನು ಗೂಡಿನ ಪಕ್ಕದಿಂದ ಕಿತ್ತು, ಆ ಜಾಗದಲ್ಲಿ ಹನಿಯ ಬಾಟಲಿ ಇಟ್ಟಳು. ಎರಡು ಹೊತ್ತೂ ಅವಳೇ ಹಾಕುವವಳು. ತಿಂಗಳು ಕಳೆದರೂ ನೋಟ ಒಂದು ಬೆರಳೂ ಅಗಲವಾಗದ್ದು ನೋಡಿ ರುದ್ರಮುನಿ, "ಗುಣ ಕಾಣದ ಔಷಧಿ ಯಾಕ ಹಾಕ್ಕಂತಿ? ಬಿಟ್ಟು ಬಿಡು" ಎಂದರು.

"ಕಳ್ಳ ಒಯ್ದ ಬಟ್ಟೆ ಥಾನು, ಬೀಗ ಹಾಕಿದ್ರೆ ವಾಪಸ್ ಬರ್ತೈತೇನ್ರಿ ಅಧ್ಯಕ್ಷರೇ?" ಎಂದ ಕರಿಬಸಣ್ಣ. "ಉಳಿದಿದ್ದಕ್ಕೆ ಬೀಗ ಇದು. ನೀವು ಯಾವಾಗ ಅಳಸ್ಕಂತೀರಿ ಹೇಳ್ರಿ." ರುದ್ರಮುನಿ ಅಂದಿನಿಂದ ಆ ಅಂಗಡಿಯ ಮುಂದೆ ಸ್ವಲ್ಪ ಬೇಗ ಬೇಗ ನಡೆಯತೊಡಗಿದರು.

ಆ ವರ್ಷದ ಸಾರಥಿಯ ಕ್ಯಾಂಪು ಏಪ್ರಿಲ್ಲಿನಲ್ಲಿ ಬಂತು. ಕರಿಬಸಣ್ಣ ಎಂದಿನಂತೆ ಆರು ಮೀಟರ್ ಅಳೆದ, ಗೆರೆ ಎಳೆದ, ಬೋರ್ಡಿನ ಪಕ್ಕ ನಿಂತ. ಖತೀಜಾಬೀ ತಾನಾಗಿ ಬರಲಿಲ್ಲ, ಚೀಟಿ ಇದೆಯಲ್ಲ! ಅವನೇ ಮನೆಗೆ ಹೋಗಿ ಕೈ ಹಿಡಿದು ಕರೆತಂದು ಸ್ಟೂಲಿನ ಮೇಲೆ ಕೂರಿಸಿದ್ದ. ಅವಳು ಕೈ ಎತ್ತಿಕೊಂಡು ಕಾದಳು. ಮಂಜಿನಲ್ಲಿ ಏನೂ ಅಲುಗಲಿಲ್ಲ.

"ಕಡ್ಡಿ ಆಡ್ಸಲ್ಲೇನು ಬೇಟಾ?"

"ಆಡ್ಸಲ್ಲ ಬೂಬಮ್ಮ."

"ಮತ್ತೆ ನಾನು ಹೆಂಗೆ ಪಾಸಾಗ್ಲಿ?"

"ಪಾಸಾಗ್‌ಬ್ಯಾಡ. ಫೇಲಾಗು. ಪಾಸಾದೋರು ಮನಿಗೆ ಹೋಗ್ತಾರೆ, ಫೇಲಾದೋರು ಡಾಕ್ಟ್ರ ಹತ್ರ ಹೋಗ್ತಾರೆ. ನಿಂದು ಪೊರೆ ಆಗಿದ್ರೆ, ಆಪರೇಶನ್ ಮಾಡಿದ್ರೆ ಹೋಗ್ತೈತೆ. ಫೇಲಾಗಾಕೂ ಪುಣ್ಯ ಬೇಕು ಬೂಬಮ್ಮ."

"ಜನದ ಮುಂದೆ ಮರ್ವಾದಿ ಕಳೀತೀಯಲ್ಲೋ!"

"ನಂದೂ ಹೋಗೈತೆ. ನಾನು ಮೂವತ್ತೆಂಟು ತಗಂಡು ಫೇಲು. ಮೈಕಿನಾಗೆ."

ಮುದುಕಿ ಬೊಚ್ಚು ಬಾಯಲ್ಲಿ ನಗುತ್ತ ಒಳಗೆ ಹೋದಳು.

ಎರಡು ತಿಂಗಳ ಮೇಲೆ ಅವಳು ಅಂಗಡಿಗೆ ಬಂದಳು. ಗೋಡೆ ಸವರದೆ ಮೆಟ್ಟಿಲೇರಿದಳು. ಎಡಗಡೆಯ ಚಾಪೆಯ ಮೇಲೆ ಕೂರಲಿಲ್ಲ. ಗದ್ದಿಗೆಯ ನೇರ ಎದುರಿಗೆ, ಹಿತ್ತಾಳೆ ಕೊಕ್ಕೆಯ ಕಂಬಕ್ಕೆ ಬೆನ್ನು ಕೊಟ್ಟು, ಕರಿಬಸಣ್ಣನಿಗೆ ಚೆನ್ನಾಗಿ ಕಾಣುವಂತೆ ಕೂತಳು. ಹಾಗೆ ಕೂರಬೇಕೆಂದು ಅವಳಿಗೆ ಅಲ್ಲಾಬಕ್ಷ್ ಹೇಳಿದ್ದನೋ, ತಾನೇ ತಿಳಿದಳೋ. ಅವನು ಕೊಟ್ಟ ತುಂಡು ಬಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ನೋಡುತ್ತ ನೋಡುತ್ತ ಹುಬ್ಬು ಗಂಟಾಯಿತು.

"ಏನೋ ಇದು? ಇದು ಬಿಸಿಲಿಗೆ ಬಿಳುಚಿದ್ದು, ಇದು ಇಲಿ ಕಡಿದದ್ದು, ಇದು ಬಣ್ಣ ಬಿಟ್ಟಿದ್ದು! ಇಷ್ಟು ವರ್ಷ ಇಂಥವೇ ಕೊಡ್ತಿದ್ದೇನು ನಂಗೆ?"

ಜಗಲಿಯ ಮೇಲೆ ಹೊಲಿಗೆ ಯಂತ್ರ ನಿಂತಿತು. ಅಲ್ಲಾಬಕ್ಷ್ ಮುಖವನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು ನಗುತ್ತಿದ್ದ. ಅದು ಕರಿಬಸಣ್ಣನಿಗೆ ಕಾಣಲಿಲ್ಲ, ಪಕ್ಕದಲ್ಲಿತ್ತು. ಎದುರಿಗಿದ್ದ ಮುದುಕಿಯ ಸಿಟ್ಟು ಮಾತ್ರ ಎಂಬತ್ತು ಸೆಂಟಿಮೀಟರಿನೊಳಗೆ ಪೂರಾ ಹಿಡಿಸಿತ್ತು. ಅವನು ಎದ್ದು, ಮೇಲಿನ ಹಲಗೆಯಿಂದ ಹೊಸ ಕೆಂಪು ಪಾಪ್ಲಿನ್ ಥಾನು ಇಳಿಸಿ, ಮೀಟರ್ ಕಡ್ಡಿ ಕೈಗೆತ್ತಿಕೊಂಡ.